ಫಲಿತಾಂಶ ನೋಡಿ ಸಂಬಳ ಕೊಡಲಿ ಎಂದೆಯಲ್ಲ

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ನಾನೂ ನಿನ್ನ ಅತ್ತೆಯೂ ಕ್ಷೇಮ.

ನಿನ್ನ ಕಾಗದ ಎರಡು ಸಲ ಓದಿದೆ. ಜೂನ್‌ನಿಂದ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಪಾಠ ಮಾಡುತ್ತಿದ್ದೀಯ, ಗೌರವಧನ ಇನ್ನೂ ಬಂದಿಲ್ಲ, ಮೊಬೈಲ್ ರೀಚಾರ್ಜ್‌ಗೂ ಅಮ್ಮನನ್ನು ಕೇಳಬೇಕು ಎಂದು ಬರೆದಿದ್ದೀಯ. ಓದಿ ಹೊಟ್ಟೆ ಉರಿಯಿತು. ಕೊನೆಗೆ ಒಂದು ಮಾತು ಬರೆದಿದ್ದೀಯ: 'ಫಲಿತಾಂಶ ನೋಡಿ ಸಂಬಳ ಕೊಡಲಿ ಮಾವ, ಯಾರು ಕೆಲಸ ಮಾಡ್ತಾರೆ, ಯಾರು ಸುಮ್ನೆ ಕೂತು ಉಣ್ತಾರೆ ಗೊತ್ತಾಗಲಿ.' ಈ ಕಾಗದ ಬರೆಯಲು ಕೂತದ್ದೇ ಆ ಮಾತಿಗಾಗಿ.

ಮೊದಲು ನಿನ್ನ ಹಣದ ಮಾತು. ಅದರಲ್ಲಿ ನಿನ್ನದೇ ಸರಿ. ಏಳನೇ ವೇತನ ಆಯೋಗದ ವರದಿ 2024ರ ಆಗಸ್ಟ್‌ನಲ್ಲಿ ಜಾರಿಯಾಯಿತು. ರಾಜ್ಯ ಸರ್ಕಾರಿ ನೌಕರರಿಗೆ ಕನಿಷ್ಠ ಮೂಲ ವೇತನ 17,000 ಇದ್ದದ್ದು 27,000 ಆಯಿತು. ಹೈಸ್ಕೂಲಿನ ಅತಿಥಿ ಶಿಕ್ಷಕರಿಗೆ 2025ರ ಬಜೆಟ್‌ನಲ್ಲಿ 2,000 ಏರಿಸಿದ ಮೇಲೂ 12,500. ಬಿ.ಎಡ್. ಮಾಡಿ, ಹತ್ತನೇ ತರಗತಿಗೆ ಗಣಿತ ಕಲಿಸುವವಳಿಗೆ ಸರ್ಕಾರದ ಅತಿ ಕೆಳಗಿನ ಹುದ್ದೆಯ ಅರ್ಧದಷ್ಟೂ ಇಲ್ಲ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಇದು ಅನ್ಯಾಯ. ಇದನ್ನು ಜೋರಾಗಿ ಹೇಳು. ನಿನ್ನಂಥ ಅತಿಥಿ ಶಿಕ್ಷಕರ ಜೊತೆ ಸೇರಿ ಮನವಿ ಕೊಡು, ಧರಣಿ ಕೂರಬೇಕಾದರೆ ಕೂರು. ಅದಕ್ಕೆ ನಾಚಿಕೆ ಬೇಡ.

ಆದರೆ ಫಲಿತಾಂಶಕ್ಕೆ ಸಂಬಳ ಕಟ್ಟುವುದು ಬೇರೆ ವಿಷಯ.

ಅದನ್ನು ಯಾರೂ ಮಾಡಿ ನೋಡಿಲ್ಲ ಎಂದಲ್ಲ. ಪಕ್ಕದ ಆಂಧ್ರದಲ್ಲಿ 2005ರಿಂದ ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ದೊಡ್ಡದಾಗಿಯೇ ಮಾಡಿದರು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದರು. ಮಕ್ಕಳ ಕಲಿಕೆ ಏರಿದಷ್ಟು ಮೇಷ್ಟ್ರಿಗೆ ಬೋನಸ್. ಎರಡು ವರ್ಷದಲ್ಲಿ ಆ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದೆ ಬಂದರು. ಇಂಡೊನೇಷ್ಯಾದಲ್ಲಿ ಇದಕ್ಕೆ ಉಲ್ಟಾ: ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲ ವೇತನವನ್ನೇ ದುಪ್ಪಟ್ಟು ಮಾಡಿದರು. ಮೇಷ್ಟ್ರುಗಳ ಸಾಲದ ಚಿಂತೆ ಕಡಿಮೆಯಾಯಿತು, ಮಕ್ಕಳ ಕಲಿಕೆ ಇದ್ದಲ್ಲೇ ಇತ್ತು. ಅಂದರೆ ನಿನ್ನ ಮಾತಿನಲ್ಲಿ ಹುರುಳಿದೆ, ಇಲ್ಲ ಅನ್ನಲ್ಲ.

ಆದರೆ ಆಂಧ್ರದಲ್ಲಿ ಅಳೆದದ್ದು ಹೇಗೆ ನೋಡು. ಪರೀಕ್ಷೆ ಮಾಡಿದವರು ಹೊರಗಿನವರು. ವರ್ಷದ ಶುರುವಿನಲ್ಲಿ ಮಗು ಎಲ್ಲಿತ್ತು, ಕೊನೆಗೆ ಎಲ್ಲಿಗೆ ಬಂತು ಎಂಬುದು ಅವರ ಲೆಕ್ಕ. ನಮ್ಮಲ್ಲಿ ಲೆಕ್ಕ ಅಂದರೆ ಎಸ್ಸೆಸ್ಸೆಲ್ಸಿ ಶೇಕಡಾ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರಾ? ಮೇಷ್ಟ್ರುಗಳು ಸೋಮಾರಿಗಳಾದರಾ? ಇಂಥ ಅಳತೆಗೋಲಿಗೆ ನಿನ್ನ ಅನ್ನ ಕಟ್ಟಿಕೊಳ್ಳುತ್ತೀಯಾ?

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಿನಗೆ ಇದುವರೆಗೂ ಹೇಳದ ಒಂದು ಸಂಗತಿ ಇದೆ. ನಾನು ಹೆಡ್‌ಮಾಸ್ಟರ್ ಆಗಿದ್ದಾಗ ಒಂದು ವರ್ಷ ಶೇಕಡಾ ನೂರು ಬರಲೇಬೇಕು ಎಂದು ಮೇಲಿನಿಂದ ಒತ್ತಡ ಇತ್ತು. ಕಡಿಮೆ ಬಂದರೆ ನೋಟಿಸ್, ನೂರು ಬಂದರೆ ಸನ್ಮಾನ. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ತಂದೆ ಗಾರೆ ಕೆಲಸದವರು. ಹುಡುಗ ಕೈಯಲ್ಲಿ ಏನು ಕೊಟ್ಟರೂ ಬಿಚ್ಚಿ ಜೋಡಿಸುತ್ತಿದ್ದ, ಓದಲು ಮಾತ್ರ ತಡವರಿಸುತ್ತಿದ್ದ. ಅವನ ತಾಯಿಯನ್ನು ಕರೆಸಿ, 'ಇನ್ನೊಂದು ವರ್ಷ ಒಂಬತ್ತರಲ್ಲೇ ಇರಲಿ, ಅಡಿಪಾಯ ಗಟ್ಟಿಯಾಗುತ್ತೆ' ಎಂದೆ. ಆಕೆ ತಲೆಯಾಡಿಸಿ ಹೋದರು. ಜೂನ್‌ನಲ್ಲಿ ಹುಡುಗ ಬರಲಿಲ್ಲ. ಅಪ್ಪನ ಜೊತೆ ಕೆಲಸಕ್ಕೆ ಹೋದ. ಮುಂದಿನ ವರ್ಷ ನಮ್ಮ ಶಾಲೆಗೆ ನೂರಕ್ಕೆ ನೂರು ಬಂತು, ನನಗೆ ಶಾಲು ಹೊದಿಸಿದರು. ಅಡಿಪಾಯದ ಮಾತು ಸುಳ್ಳು ಎಂದು ಹೇಳುವಾಗಲೇ ನನಗೆ ಗೊತ್ತಿತ್ತು. ಆಗ ನನ್ನ ಸಂಬಳವನ್ನೂ ಫಲಿತಾಂಶಕ್ಕೆ ಕಟ್ಟಿರಲಿಲ್ಲ, ನೆನಪಿಡು. ಬರೀ ಒಂದು ಶಾಲಿಗೆ ಅಷ್ಟು ಮಾಡಿದೆ.

ನಿನ್ನ ಶಾಲೆಯ ಕಾಯಂ ಮೇಷ್ಟ್ರೊಬ್ಬರು ಪಾಠವನ್ನೇ ಮಾಡಲ್ಲ ಎಂದೂ ದೂರಿದ್ದೀಯ. ಪಾಠ ಮಾಡದಿದ್ದರೆ ತಪ್ಪೇ. ಆದರೆ ಅವರು ಇಡೀ ದಿನ ಏನು ಮಾಡುತ್ತಾರೆ ಎಂದು ಒಂದು ವಾರ ನೋಡು. ಬಿಸಿಯೂಟದ ಲೆಕ್ಕ, ಕಂಪ್ಯೂಟರಿನಲ್ಲಿ ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ಎಂಟ್ರಿ, ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೆಲಸ. 2025ರ ಜಾತಿ ಸಮೀಕ್ಷೆಗೆ ಮೇಷ್ಟ್ರುಗಳನ್ನು ಮನೆಮನೆಗೆ ಕಳಿಸಿ, ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರಲ್ಲ. ಹೋದ ಆ ಪಾಠದ ದಿನಗಳು ಯಾವ ಮೇಷ್ಟ್ರ ಲೆಕ್ಕಕ್ಕೆ? ಅವರನ್ನೂ ನಿನ್ನನ್ನೂ ಎದುರುಬದುರು ನಿಲ್ಲಿಸಿದರೆ ಹುದ್ದೆ ಭರ್ತಿ ಮಾಡದವರಿಗೆ ಅನುಕೂಲ, ಅಷ್ಟೆ.

ನಮ್ಮ ರಾಜ್ಯದಲ್ಲೇ ಇನ್ನೊಂದು ದಾರಿಯೂ ಇತ್ತು. 1995ರಲ್ಲಿ ಎಚ್.ಡಿ. ಕೋಟೆಯ ಪ್ರಾಥಮಿಕ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಸಂಸ್ಥೆಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಲಿಕೆಯ ಕಾರ್ಡು ಬರೆದು ನಲಿಕಲಿ ಎಂಬ ಪಾಠದ ಪದ್ಧತಿ ಶುರು ಮಾಡಿದರು. ಮಗು ತನ್ನ ಮೆಟ್ಟಿಲಲ್ಲಿ ತಾನು ಹತ್ತುತ್ತದೆ. ಅದು ಬೆಳೆದದ್ದು ಬೋನಸ್‌ನಿಂದಲ್ಲ. ಮೇಷ್ಟ್ರುಗಳನ್ನು ನಂಬಿ ಕೆಲಸ ಅವರ ಕೈಗೆ ಕೊಟ್ಟಿದ್ದರು.

ಈಗ ನೀನು ಮಾಡಬೇಕಾದ್ದು ಹೇಳುತ್ತೇನೆ. ನೇಮಕದ ಆದೇಶ, ಹಾಜರಿ ಪುಸ್ತಕದ ಪುಟ, ಎಲ್ಲದರ ಜೆರಾಕ್ಸ್ ಇಟ್ಟುಕೋ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯನ್ನೂ ಬರೆ. ಒಮ್ಮೆ ಪಾಸಾದರೆ ಈಗ ಜೀವನಪೂರ್ತಿ ನಡೆಯುತ್ತದೆ, ಆರರಿಂದ ಎಂಟನೇ ತರಗತಿಯ ಹುದ್ದೆ ಕರೆದಾಗ ಕೈಯಲ್ಲಿರಬೇಕು. ಗೌರವಧನ ಬರುವವರೆಗೆ ಮನೆಯ ಖರ್ಚಿಗೆ ನಾನು ಸ್ವಲ್ಪ ಕಳಿಸುತ್ತೇನೆ, ಬೇಡ ಅನ್ನಬೇಡ.

ಇನ್ನೊಂದು. ಒಂಬತ್ತರಲ್ಲಿ ನಾಲ್ಕು ಮಕ್ಕಳಿಗೆ ಕನ್ನಡ ಓದಲೂ ಬರಲ್ಲ ಎಂದು ಬರೆದಿದ್ದೀಯ. ಲೆಕ್ಕದ ಪ್ರಶ್ನೆಯನ್ನೇ ಓದಲಾಗದ ಮಗು ಲೆಕ್ಕ ಹೇಗೆ ಬಿಡಿಸೀತು? ಒಂದು ನೋಟ್‌ಬುಕ್ ತಗೊಂಡು ಒಬ್ಬೊಬ್ಬರಿಗೆ ಎರಡು ಪುಟ ಬಿಡು. ಇವತ್ತು ಏನು ಓದಬಲ್ಲರು ಎಂದು ತಾರೀಖು ಹಾಕಿ ಬರೆ. ದಿನಾ ಕಾಲು ಗಂಟೆ ಅವರ ಜೊತೆ ಕೂರು. ಮಾರ್ಚ್‌ನಲ್ಲಿ ಯಾರಾದರೂ ಅವರನ್ನು ಹಿಂದೆ ಉಳಿಸೋಣ ಅಂದರೆ ಆ ಪುಸ್ತಕ ತೆಗೆದು ತೋರಿಸು. ಕೇಳದಿದ್ದರೆ ನನಗೆ ಫೋನ್ ಮಾಡು, ಮೊದಲ ಬಸ್ಸಿಗೆ ಬರುತ್ತೇನೆ.

ಅಮ್ಮನಿಗೆ ನನ್ನ ನೆನಪು ಹೇಳು. ಮುಂದಿನ ಕಾಗದದಲ್ಲಿ ಆ ನಾಲ್ಕು ಮಕ್ಕಳ ಹೆಸರು ಬರೆ.

ನಿನ್ನ ಮಾವ