ಸಾಮಿಲ್ ಜಾಗಕ್ಕೆ ಅಡ್ವಾನ್ಸ್ ಕೊಡುವ ಮೊದಲು

ಚಿ. ಪ್ರದೀಪನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸಾಮಿಲ್ (ಮರ ಕೊಯ್ಯುವ ಮಿಲ್) ಹಾಕೋಕೆ ಸಕಲೇಶಪುರದ ಹೆತ್ತೂರು ಕಡೆ ಜಾಗ ನೋಡಿದ್ದೀಯ, ಈ ವಾರವೇ ಅಡ್ವಾನ್ಸ್ ಕೊಡುತ್ತಿದ್ದೀಯ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಸಾಮಿಲ್ ಹಾಕಬೇಡ ಅಂತ ನಾನು ಹೇಳುವುದಿಲ್ಲ. ಕಾಫಿ ಎಸ್ಟೇಟಿನ ನೆರಳಿನ ಮರ ಸಿಲ್ವರ್ ಓಕ್ ನಂಬಿಕೊಂಡು ಜೀವನ ಮಾಡಿದವನು ನಾನು, ಈ ಕಸುಬಿಗೆ ನಮ್ಮ ಹುಡುಗ ಬರುತ್ತಿದ್ದಾನೆ ಅಂದರೆ ಖುಷಿಯೇ. ಆದರೆ ಆ ಅಡ್ವಾನ್ಸ್ ಮಾತ್ರ ಕೊಡಬೇಡ ಮಗಾ. ಜಾಗ ಕೊನೆಗೆ. ಮೊದಲು ಲೈಸೆನ್ಸ್, ಆಮೇಲೆ ಮರ.

ಅಕ್ಕಿ ಗಿರಣಿ ಹಾಕಿದ ಹಾಗೆ ಸಾಮಿಲ್ ಹಾಕೋಕೆ ಆಗಲ್ಲ. 1996ರ ಡಿಸೆಂಬರ್‌ನಲ್ಲಿ ಕಾಡು ಉಳಿಸುವ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ದೇಶದ ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿದವು. 2002ರಲ್ಲಿ ಹೊಸ ಮಿಲ್ಲುಗಳಿಗೂ ಕೋರ್ಟು ತಡೆ ಹಾಕಿತು. 2016ರಲ್ಲಿ ಕೇಂದ್ರದ ಮಾರ್ಗಸೂಚಿ ಬಂದ ಮೇಲೆ ರಾಜ್ಯ ಮಟ್ಟದ ಸಮಿತಿ ಇದನ್ನು ನೋಡುತ್ತದೆ. ಈ ಭಾಗದಲ್ಲಿ ಇನ್ನೊಂದು ಮಿಲ್ಲಿಗೆ ಸಾಲುವಷ್ಟು ಮರ ಇದೆಯಾ, ಕಾಡಿನ ಗಡಿಯಿಂದ ಎಷ್ಟು ದೂರ ಅನ್ನುವುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಹೆತ್ತೂರಿನ ಸುತ್ತ ಕಾಡೇ ಅಲ್ವಾ? ಸರ್ವೆ ನಂಬರ್ ಹಿಡಿದುಕೊಂಡು ಹಾಸನದ ಡಿಎಫ್‌ಓ (ಅರಣ್ಯ ಇಲಾಖೆಯ ಜಿಲ್ಲಾ ಅಧಿಕಾರಿ) ಕಚೇರಿಗೆ ಹೋಗಿ ಕೇಳು, ಉತ್ತರ ಬರವಣಿಗೆಯಲ್ಲೇ ತಗೋ. ಹಳೆ ಲೈಸೆನ್ಸ್ ಇದೆ, ಹೆಸರು ಬದಲಾಯಿಸಿ ಕೊಡ್ತೀವಿ ಅಂತ ಬರುವವರು ಇರುತ್ತಾರೆ. ಇಲಾಖೆಯ ಕಾಗದ ಕೈಗೆ ಬರುವ ತನಕ ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡ.

ಇನ್ನು ಮರದ ವಿಷಯ. ಇದನ್ನು ಪೆನ್ನು ಹಿಡಿದು ಕೂತು ಲೆಕ್ಕ ಹಾಕು. ದಿನಕ್ಕೆ 200 ಘನ ಅಡಿ ಕೊಯ್ಯುವ ಸಣ್ಣ ಮಿಲ್ ಅಂದುಕೋ, ತಿಂಗಳಿಗೆ 25 ದಿನ ಓಡಿದರೆ 5000 ಘನ ಅಡಿ. 48 ಇಂಚು ಸುತ್ತಳತೆ, 30 ಅಡಿ ಉದ್ದ ಸಿಗುವ ಸಿಲ್ವರ್ ಓಕ್ ಮರ ನಮ್ಮ ಕಾಲು ಸುತ್ತಳತೆಯ ಲೆಕ್ಕದಲ್ಲಿ (ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು) 30 ಘನ ಅಡಿ ಬರುತ್ತದೆ. ಅಂದರೆ ವರ್ಷಕ್ಕೆ 2000 ಮರ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದೊಳಗೆ ಲಾರಿ ಇಳಿಯುವುದಿಲ್ಲ, ಹಾಗಾಗಿ ಉಳಿದ ಎಂಟು ತಿಂಗಳಲ್ಲಿ ತಿಂಗಳಿಗೆ 250 ಮರ ಎಳೆದು ತರಬೇಕು. ಅಷ್ಟು ದಪ್ಪಕ್ಕೆ ಬೆಳೆಯಲು ಒಂದು ಮರಕ್ಕೆ 20-25 ವರ್ಷ ಬೇಕು, ಅದರ ಮೇಲೆ ಮೆಣಸಿನ ಬಳ್ಳಿ ಬೇರೆ ಹಬ್ಬಿರುತ್ತದೆ. ಮೆಣಸಿಗೆ ಒಳ್ಳೆ ರೇಟ್ ಇದ್ದಾಗ ಯಾವ ತೋಟದವರೂ ಮರ ಮುಟ್ಟೋಕೆ ಬಿಡಲ್ಲ! ಮಿಲ್ ಹಾಕಿದವರು ಎಡವುವುದು ಇಲ್ಲೇ, ತೋಟದ ತುಂಬ ಮರ ಕಾಣುತ್ತದೆ, ಆದರೆ ಅದು ಮಾರಾಟಕ್ಕಿರುವುದಿಲ್ಲ. ಪೆರುಂಬಾವೂರಿನ ಪ್ಲೈವುಡ್ ಮಿಲ್ಲುಗಳು ರೈತರ ರಬ್ಬರ್ ಮರ ನಂಬಿ ಬೆಳೆದವು, ಹರಿಯಾಣದ ಯಮುನಾನಗರದವು ರೈತರ ಪಾಪ್ಲರ್ ನಂಬಿ. ಅಲ್ಲಿ ರೈತ ಮರ ಬೆಳೆಸುವುದೇ ಮಾರೋಕೆ. ಅದಕ್ಕೇ ಬರೀ ಸಿಲ್ವರ್ ನೆಚ್ಚಿಕೊಳ್ಳಬೇಡ. ಹಾಸನ, ಅರಕಲಗೂಡು ಕಡೆ ಬೇಗ ಬೆಳೆಯುವ ಹೆಬ್ಬೇವು ಮರ ಹಾಕಿದವರು ಯಾರಿದ್ದಾರೆ, ಎಷ್ಟು ಎಕರೆ, ಯಾವ ವರ್ಷ ಹಾಕಿದ್ದು ಅಂತ ನೀನೇ ಓಡಾಡಿ ವಿಚಾರಿಸು. ನೀಲಗಿರಿ ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಲ್ಲಿಸಿದೆ, ಅದನ್ನು ಮುಂದಿನ ಲೆಕ್ಕಕ್ಕೆ ಸೇರಿಸಬೇಡ.

ಮರ ಇರುವ ಕಡೆಯೇ ಮಿಲ್ ಇರಬೇಕು ಅಂತ ನೀನು ಹೇಳುವುದರಲ್ಲಿ ತಪ್ಪಿಲ್ಲ. ಕೊಯ್ದಾಗ ಹತ್ತಿರ ಹತ್ತಿರ ಅರ್ಧ ಭಾಗ ಹೊಟ್ಟು, ಬದಿ ತುಂಡು ಆಗಿ ಹೋಗುತ್ತದೆ, ಅದಕ್ಕೂ ಲಾರಿ ಬಾಡಿಗೆ ಯಾಕೆ ಕೊಡಬೇಕು? ಸರಿ. ದಿಮ್ಮಿಯ ತೂಕವೂ ಪುಸ್ತಕದ ಲೆಕ್ಕಕ್ಕಿಂತ ಜಾಸ್ತಿಯೇ, ಕಾಲು ಸುತ್ತಳತೆಯಲ್ಲಿ 10 ಘನ ಅಡಿ ಅಂತ ಬರೆದ ದಿಮ್ಮಿಯಲ್ಲಿ ನಿಜಕ್ಕೂ 12.7 ಘನ ಅಡಿ ಮರ ಇರುತ್ತದೆ, ಅದೂ ಹಸಿ. ಆದರೆ ಮಿಲ್ ಹಾಸನದ ಕಡೆ ಹಾಕುವುದು ಒಳ್ಳೆಯದು ಅಂತ ನನ್ನ ಮಾತು. ಸಕಲೇಶಪುರದಿಂದ ಹಾಸನಕ್ಕೆ ಇರುವುದೇ ಸುಮಾರು 40 ಕಿಲೋಮೀಟರ್. ಅಷ್ಟು ದೂರದ ಬಾಡಿಗೆ ಉಳಿಸೋಕೆ ಹೋಗಿ ಮಳೆ ಕೈಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯ. ಮಳೆಗಾಲಕ್ಕೆ ದಿಮ್ಮಿ ರಾಶಿ ಹಾಕಿಟ್ಟರೆ ಸಿಲ್ವರ್‌ಗೆ ಕಪ್ಪು ಕಲೆ ಬರುತ್ತದೆ, ಹುಳ ಬೀಳುತ್ತದೆ. ಬೇಸಿಗೆಯಲ್ಲೇ ಕೊಯ್ದು, ಹಲಗೆ ಮಧ್ಯೆ ರೀಪು (ಮರದ ತೆಳು ಪಟ್ಟಿ) ಕೊಟ್ಟು ಅಟ್ಟಿ ಹಾಕಿ, ಶೆಡ್ಡಿನಲ್ಲಿ ಗಾಳಿಗೆ ಒಣಗಿಸಬೇಕು. ಪೀಠೋಪಕರಣದವರು ಕೇಳುವುದು ತೇವ 12 ಶೇಕಡಾ ಆಸುಪಾಸು ಇರುವ ಮರ. ಘಟ್ಟದ ತುದಿಯ ಆ ಥಂಡಿಯಲ್ಲಿ ಜುಲೈನಲ್ಲಿ ಬಟ್ಟೆಯೇ ಒಣಗಲ್ಲ, ಹಲಗೆ ಎಲ್ಲಿ ಒಣಗುತ್ತದೆ? ಹಾಸನದ ಗಾಳಿ ಬೇರೆ. ಅಲ್ಲಿ ತ್ರೀ ಫೇಸ್ ಕರೆಂಟು ಪರವಾಗಿಲ್ಲ, ಬ್ಲೇಡ್ ಸಾಣೆ ಹಿಡಿಯುವವರು ಸಿಗುತ್ತಾರೆ, ಹೊಟ್ಟು ಇಟ್ಟಿಗೆ ಗೂಡಿಗೆ ಹೋಗುತ್ತದೆ, ಬೆಂಗಳೂರಿನ ಗಿರಾಕಿ ಅರ್ಧ ದಿನದಲ್ಲಿ ಬಂದು ಮಾಲು ನೋಡಿಕೊಂಡು ಹೋಗಬಹುದು.

ಹೆತ್ತೂರು ಕಡೆಯ ಕಾಡಾನೆ ವಿಷಯವನ್ನೂ ಯೋಚನೆ ಮಾಡು. ಸಂಜೆ ಪಾಳಿ ಮುಗಿಸಿದ ಹುಡುಗರು ಕತ್ತಲಲ್ಲಿ ಆ ದಾರಿಯಲ್ಲಿ ನಡೆದು ಮನೆಗೆ ಹೋಗಬೇಕಲ್ಲ, ಅವರ ಜೀವದ ಹೊಣೆ ನಿನ್ನದೇ. ನನಗೆ ದುಡ್ಡಿನ ಲೆಕ್ಕಕ್ಕಿಂತ ಇದೇ ಜಾಸ್ತಿ ಚಿಂತೆ.

ಹಾಸನದ ಗ್ರೋತ್ ಸೆಂಟರ್ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಟ್ ಖಾಲಿ ಇದೆಯಾ ಅಂತ ಕೆಐಎಡಿಬಿಯಲ್ಲಿ (ಕೈಗಾರಿಕಾ ಜಾಗ ಹಂಚುವ ಸರ್ಕಾರಿ ಮಂಡಳಿ) ವಿಚಾರಿಸು. ಸಿಗದಿದ್ದರೆ ಆಲೂರು ದಾಟಿ ಹಾಸನದ ಕಡೆ, ಹೆದ್ದಾರಿಗೆ ಹತ್ತಿರ, ನೀರು ನಿಲ್ಲದ ಜಾಗ ನೋಡೋಣ. ಮುಂದಿನ ಭಾನುವಾರ ಬಾ. ಹೆತ್ತೂರು ಜಾಗದ ಪಹಣಿ, ನಕ್ಷೆ, ನೀನು ಮಾತಾಡಿದ ತೋಟದವರ ಪಟ್ಟಿ ಎಲ್ಲ ತಗೊಂಡು ಬಾ. ಸೋಮವಾರ ಡಿಎಫ್‌ಓ ಕಚೇರಿಗೆ ನಾನೂ ಜೊತೆಗೆ ಬರುತ್ತೇನೆ. ಜಾಗದ ಯಜಮಾನರು ಅವಸರ ಮಾಡಿದರೆ ದೊಡ್ಡಪ್ಪನನ್ನು ಕೇಳಿ ಹೇಳ್ತೀನಿ ಅನ್ನು.

ಇಂತಿ,
ನಿನ್ನ ದೊಡ್ಡಪ್ಪ