ಅಂಚಿನಲ್ಲಿ ನಿಂತವರ ಲೆಕ್ಕ

ಅರಸೀಕೆರೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿಯ ಸುದ್ದಿಯನ್ನೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ನಾನು ಅದನ್ನೇ ಬರೆಯುತ್ತಾ ಕೂರುವುದಿಲ್ಲ. ಮಲೆನಾಡಿನ ಶಾಲೆಗೆ ಆಟದ ಟೀಚರಾಗಿ ಹೋದ ನಿನ್ನ ನಾಲ್ಕು ಪುಟದ ಕಾಗದದಲ್ಲಿ ಮೂರೂವರೆ ಪುಟ ಸರಾಗವಾಗಿ ಓದಿಕೊಂಡು ಹೋದೆ. ಕೊನೆಗೆ ಒಂದು ಮಾತು ಬರೆದಿದ್ದೀಯ: ‘ಒಂಬತ್ತನೇ ಕ್ಲಾಸಿಗೆ ಬಂದ ಹುಡುಗಿಯರು ಆಟದ ಪೀರಿಯಡ್‌ನಲ್ಲಿ ಗ್ರೌಂಡಿನ ಅಂಚಿಗೆ ಹೋಗಿ ನಿಂತುಬಿಡುತ್ತಾರೆ. ಕರೆದೂ ಕರೆದೂ ಒಂದು ದಿನ ನನಗೂ ಅದು ಅಭ್ಯಾಸವಾಗಿಬಿಡುತ್ತೇನೋ ಅಂತ ಭಯ.’ ಕಾಗದ ಮಡಿಸಿಟ್ಟವನು ಮತ್ತೆ ತೆಗೆದು ಆ ಜಾಗವನ್ನೇ ಓದಿದೆ. ನಾಲ್ಕು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ಆಟದ ಮೇಷ್ಟ್ರಾಗಿದ್ದ ನನಗೂ ಅದು ಅಭ್ಯಾಸವಾಗಿತ್ತು, ಪುಟ್ಟಿ. ಯಾವ ವರ್ಷದಿಂದ ಅಂತ ಕೇಳಿದರೆ ಹೇಳಲಾರೆ. ಹುಡುಗಿಯರಿಗೆ ಥ್ರೋಬಾಲ್ ಒಂದನ್ನು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಆ ಅಂಕಣ 18.30 ಮೀಟರ್ ಉದ್ದ, 12.20 ಅಗಲ, ಒಂದೊಂದು ಕಡೆ ಏಳೇಳು ಜನ, ಒಟ್ಟು ಹದಿನಾಲ್ಕು. ತರಗತಿಯಲ್ಲಿ ಮೂವತ್ತು ಹುಡುಗಿಯರಿದ್ದರೆ ಹದಿನಾರು ಜನ ಹೊರಗೇ. ಅವರು ಹೊರಗೆ ನಿಂತದ್ದು ನಾಚಿಕೆಯಿಂದ ಅಂತ ನಾನು ತಿಳಿದುಕೊಂಡಿದ್ದೆ. ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿತ್ತು, ಒಳಗೆ ಅವರಿಗೆ ಜಾಗವನ್ನೇ ಇಟ್ಟಿರಲಿಲ್ಲ. ದೊಡ್ಡ ಗ್ರೌಂಡು ಗಂಡು ಹುಡುಗರ ಕ್ರಿಕೆಟ್ಟಿಗೆ ಹೋಗಿರುತ್ತಿತ್ತು.

ಒಂಬತ್ತನೇ ಕ್ಲಾಸೇ ಯಾಕೆ ಅಂತ ಯೋಚಿಸಿದ್ದೀಯಾ? ಮೈ ಬದಲಾಗುವ ವಯಸ್ಸು, ಅದಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಆಟದ ಸಾಮಾನು ಕೊಡಬೇಕು, ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಬೇಕು ಅಂತ ಇದೆ. ಆದರೆ ಆ ಕಾಯ್ದೆ ಎಂಟನೇ ತರಗತಿಗೆ ಮುಗಿಯುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತಲ್ಲ, ಅದರ ಪ್ರಕಾರ 14 ತುಂಬಿದವರನ್ನು ಅಪಾಯದ ಕೆಲಸ ಬಿಟ್ಟು ಬೇರೆಯದಕ್ಕೆ ಹಚ್ಚಬಹುದು. ಅಂದರೆ ಓದಿನ ಹಕ್ಕು, ದುಡಿಮೆಯಿಂದ ಪೂರ್ತಿ ರಕ್ಷಣೆ, ಎರಡೂ 14ಕ್ಕೇ ಕೈಬಿಡುತ್ತವೆ. ನಿನ್ನ ಹುಡುಗಿಯರು ಅಂಚಿಗೆ ಹೋಗಿ ನಿಲ್ಲುವುದೂ ಆ ವಯಸ್ಸಿಗೇ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಮಾತ್ರ 18ರವರೆಗೂ ವಿಶ್ರಾಂತಿ, ಬಿಡುವು, ಆಟ ಮಗುವಿನ ಹಕ್ಕು ಅನ್ನುತ್ತದೆ; ನಮ್ಮ ದೇಶ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಸ್ಟಾಫ್ ಮೀಟಿಂಗಿನಲ್ಲಿ ಯಾರಾದರೂ ‘ಎಸ್ಸೆಸ್ಸೆಲ್ಸಿ ಹತ್ತಿರ ಬಂತು, ಹುಡುಗಿಯರಿಗೆ ಆಟ ಯಾಕೆ, ಆ ಪೀರಿಯಡ್ ಗಣಿತಕ್ಕೆ ಕೊಡಿ’ ಅಂದರೆ ಈ 31 ಅನ್ನುವ ಸಂಖ್ಯೆ ಬಾಯಲ್ಲಿರಲಿ. ನಾನು ಸುಮ್ಮನೆ ಕೊಟ್ಟುಬಿಡುತ್ತಿದ್ದೆ.

ಅಭ್ಯಾಸವಾಗದ ಹಾಗೆ ಏನು ಮಾಡಬೇಕು ಅಂತ ನೀನು ಕೇಳಿಲ್ಲ. ಆದರೂ ಹೇಳುತ್ತೇನೆ, ಬೇಡವಾದರೆ ಬಿಡು. ಆಡಿದವರ ಹಾಜರಿ ಎಲ್ಲರೂ ಬರೆಯುತ್ತಾರೆ, ನೀನು ನಿಂತವರದ್ದು ಬರೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಹಾಕು: ಬಟ್ಟೆ, ನೋವು, ಮನೆಗೆಲಸ, ಬಸ್ಸು. ಪ್ರತಿ ಪೀರಿಯಡ್‌ಗೂ ಯಾವುದರಲ್ಲಿ ಎಷ್ಟು ಅಂತ ಅಂಕಿ ಸಾಕು, ಹೆಸರು ಬೇಡ. ಹೆಸರು ಬರೆದರೆ ಆ ಪುಸ್ತಕ ಒಂದು ದಿನ ಬೇರೆ ಯಾರದೋ ಕೈಗೆ ಸಿಕ್ಕಿ ಹುಡುಗಿಯರನ್ನು ಗದರಿಸಲು ಬಳಕೆಯಾಗುತ್ತದೆ. ಎಣಿಸುವುದನ್ನು ಬಿಟ್ಟ ವಾರವೇ ಕಣ್ಣು ಒಗ್ಗಿಕೊಳ್ಳಲು ಶುರು ಮಾಡುತ್ತೆ. ನಿನ್ನ ಭಯಕ್ಕೆ ನನಗೆ ಹೊಳೆದ ಮದ್ದು ಇದೊಂದೇ. ದೊಡ್ಡ ಮದ್ದೇನಲ್ಲ.

ಬಟ್ಟೆ ಅಂದೆನಲ್ಲ. ಚೂಡಿದಾರದ ವೇಲ್ ಅಡ್ಡಪಟ್ಟಿಯ ಹಾಗೆ ಹಾಕಿ ಸೊಂಟದಲ್ಲಿ ಗಂಟು ಹಾಕಿಸಬೇಡ, ಖೋಖೋದಲ್ಲಿ ಹಿಂದಿನಿಂದ ಕೈ ಸಿಕ್ಕಿಕೊಂಡು ಕುತ್ತಿಗೆಗೆ ಬರುತ್ತದೆ. ಪಿನ್ನೂ ಬೇಡ, ಬಿದ್ದರೆ ಚುಚ್ಚುತ್ತದೆ. ವೇಲ್ ತೆಗೆದಿಟ್ಟು ಮೇಲೊಂದು ಸಡಿಲ ಟೀ ಶರ್ಟ್ ಹಾಕಿಕೊಳ್ಳಲಿ. ಕಡು ಬಣ್ಣದ್ದೇ ಇರಲಿ, ಮಳೆಯಲ್ಲಿ ನೆನೆದ ತಿಳಿ ಬಣ್ಣದ ಬಟ್ಟೆಗೆ ಹೆದರಿಯೇ ಅರ್ಧ ಜನ ಬರುವುದಿಲ್ಲ. ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ, ಕಿಟಕಿಗೆ ಪರದೆ ಇದೆಯಾ ನೋಡು. ಸರ್ಕಾರದ ಶುಚಿ ಯೋಜನೆಯ ಮುಟ್ಟಿನ ಪ್ಯಾಡ್ ಬಂದರೆ ಅದು ಹೆಡ್‌ಮಾಸ್ಟರ ಬೀರುವಿನಲ್ಲಿ ಕೂರಬಾರದು, ನಿನ್ನ ಆಟದ ಸಾಮಾನಿನ ಕೋಣೆಯಲ್ಲಿ, ಕೇಳದೆ ತೆಗೆದುಕೊಳ್ಳುವ ಹಾಗಿರಬೇಕು. ನೋವು ಅಂದವಳಿಗೆ ವಿಶಲ್ ಕೊಡು, ಸ್ಕೋರು ಬರೆಸು. ಮುಂದಿನ ವಾರ ಮಾತ್ರ ವಿಶಲ್ ವಾಪಸ್ ತೆಗೆದುಕೋ. ಮರೆತರೆ ಅವಳು ಖಾಯಂ ಅಂಪೈರ್ ಆಗಿಬಿಡುತ್ತಾಳೆ. ನನ್ನಲ್ಲಿ ಅಂಥ ಎಷ್ಟು ಜನ ಅಂಪೈರ್‌ಗಳಿದ್ದರೋ.

ಬಸ್ಸಿನ ವಿಷಯದಲ್ಲಿ ನಾನು ಮಾಡಿದ್ದು ಶುದ್ಧ ದಡ್ಡತನ. ಅಭ್ಯಾಸ ಸಂಜೆ ನಾಲ್ಕೂವರೆಗೆ ಇಡುತ್ತಿದ್ದೆ. ಗಂಡು ಹುಡುಗರು ಸೈಕಲ್ಲಿನಲ್ಲೋ ನಡೆದೋ ಹೋಗುತ್ತಿದ್ದರು, ಹುಡುಗಿಯರಿಗೆ ಕೊನೇ ಬಸ್ಸು ತಪ್ಪುತ್ತಿತ್ತು. ಬೆಳಿಗ್ಗೆ ಇಟ್ಟರೂ ಅಷ್ಟೇ. ನಿನ್ನ ಕಡೆ ತಾಯಂದಿರು ಎಂಟಕ್ಕೆಲ್ಲ ತೋಟದ ಕೆಲಸಕ್ಕೆ ಹೋದರೆ ಕೂಲಿಯವರ ಲೈನ್ ಮನೆಯಲ್ಲಿ ನೀರು, ಒಲೆ, ತಮ್ಮ ತಂಗಿಯರು ಇವಳ ಪಾಲಿಗೇ. ಶಾಲೆಯ ಹೊತ್ತಿನೊಳಗೇ ಕದಿಯಬೇಕು. ಬಿಸಿಯೂಟಕ್ಕೆ ಮೊದಲು ಇಪ್ಪತ್ತು ನಿಮಿಷ ಕೇಳಿ ನೋಡು. ಊಟದ ನಂತರ ಓಡಿಸಬೇಡ, ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ, ನಾಳೆ ಬರುವುದಿಲ್ಲ.

ಆಟದ ಆಯ್ಕೆ ನಿನ್ನದು, ನಾನು ಹೇಳಬಾರದು. ಆದರೂ ಅಂಚಿನಲ್ಲಿ ನಿಂತವರಿಗೆ ಖೋಖೋದಷ್ಟು ಒಳ್ಳೆಯ ಬಾಗಿಲು ಇನ್ನೊಂದಿಲ್ಲ ಅಂತ ಈಗ ಅನ್ನಿಸುತ್ತದೆ. ಅಟ್ಟುವ ತಂಡದಲ್ಲಿ ಒಂಬತ್ತು ಜನ, ಅವರಲ್ಲಿ ಎಂಟು ಜನ ಕೂತಿರುತ್ತಾರೆ. ಮೈ ತೋರಿಸಿಕೊಂಡು ನಿಲ್ಲಲು ಸಂಕೋಚಪಡುವವಳು ಚೌಕದಲ್ಲಿ ಕೂರಲು ಸಂಕೋಚಪಡುವುದಿಲ್ಲ. ಬೆನ್ನ ಮೇಲೆ ಕೈ ಬಿದ್ದು ‘ಖೋ’ ಅಂದ ಮೇಲೆ ಯಾರು ನೋಡುತ್ತಿದ್ದಾರೆ ಅಂತ ಯೋಚಿಸಲು ಅವಳಿಗೆ ಪುರುಸೊತ್ತಿರುವುದಿಲ್ಲ. ಹೊಸಬಳನ್ನು ಕಂಬದ ಪಕ್ಕದ ಚೌಕಕ್ಕೆ ಹಾಕಬೇಡ, ಕಂಬ ಹಿಡಿದು ತಿರುಗುವುದು ಗೊತ್ತಿರದೆ ಅಲ್ಲೇ ಸೋತು ನಾಚುತ್ತಾಳೆ. ನಾಲ್ಕನೇ ಅಥವಾ ಐದನೇ ಚೌಕದಲ್ಲಿ ಕೂರಿಸು.

ಖೋಖೋ ಅಂಕಣ 27 ಮೀಟರ್ ಉದ್ದ, 16 ಅಗಲ. ಕಂಬದಿಂದ ಕಂಬಕ್ಕೆ 24. ಕೂರುವ ಚೌಕ ಬರುವ ಮೊದಲ ಅಡ್ಡಪಟ್ಟಿ ಕಂಬದಿಂದ 2.55 ಮೀಟರಿಗೆ, ಪಟ್ಟಿಯ ಅಗಲ 35 ಸೆಂಟಿಮೀಟರ್, ಪಟ್ಟಿಗಳ ನಡುವೆ 2.30. ಮೂಲೆ ಸರಿಬಂತೋ ಇಲ್ಲವೋ ನೋಡಲು ಎದುರು ಮೂಲೆಗೆ ಟೇಪ್ ಹಿಡಿ, ಎರಡೂ ಕರ್ಣ 31.38 ಬರಬೇಕು. ಹೆಚ್ಚು ಕಡಿಮೆಯಾದರೆ ಅಂಕಣ ಸೊಟ್ಟಗಾಗಿದೆ ಅಂತ ಅರ್ಥ. ಕಂಬ ನೆಲದ ಮೇಲೆ 120 ಸೆಂಟಿಮೀಟರ್, ಕೆಳಗೆ ಎರಡು ಅಡಿ. ತೋಟದವರು ನೆರಳಿನ ಸಿಲ್ವರ್ ಓಕ್ ಸವರುವಾಗ ಒಂಬತ್ತು ಹತ್ತು ಸೆಂಟಿಮೀಟರ್ ದಪ್ಪದ ನೇರ ಗಳು ಎರಡು ಕೇಳಿ ತಂದುಕೋ. ಸಿಪ್ಪೆ ಪೂರ್ತಿ ತೆಗೆಸಿ ಮರಳು ಕಾಗದದಿಂದ ತಿಕ್ಕಿಸು, ಸಿಬರು ಉಳಿದರೆ ಅಂಗೈಗೆ ಹೊಕ್ಕುತ್ತದೆ. ಅಷ್ಟು ಸಮತಟ್ಟು ಜಾಗ ಇಲ್ಲದಿದ್ದರೆ ಕಬಡ್ಡಿ: ಹುಡುಗಿಯರಿಗೆ 12ಕ್ಕೆ 8 ಮೀಟರ್, ಕರ್ಣ 14.42.

ಮಳೆ. ಅದರ ಬಗ್ಗೆ ನೀನು ಒಂದೇ ಒಂದು ಮಾತು ಬರೆದಿದ್ದೀಯ, ನನಗೆ ಮಾತ್ರ ಅದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳು ಸಾಮಾನ್ಯವಾಗಿ ಆಗಸ್ಟ್ ಆಸುಪಾಸಿನಲ್ಲಿ ಬರುತ್ತವೆ. ನಮ್ಮ ಅರಸೀಕೆರೆ ಮಕ್ಕಳು ಒಣ ನೆಲದಲ್ಲಿ ಜೂನ್‌ನಿಂದ ಓಡಿರುತ್ತಾರೆ. ಮೂಡಿಗೆರೆ, ಸಕಲೇಶಪುರದ ಮಕ್ಕಳು ಕೊಡೆ ಹಿಡಿದುಕೊಂಡು ಸ್ಪರ್ಧೆಗೆ ಇಳಿಯುತ್ತಾರೆ. ಆಮೇಲೆ ‘ಮಲೆನಾಡಿನ ಮಕ್ಕಳಿಗೆ ಆಟದ ಗೀಳಿಲ್ಲ’ ಅಂತ ಹೇಳಿಬಿಡುತ್ತೇವೆ. ಮಳೆ ಹಿಡಿದಾಗ ಮೈದಾನಕ್ಕೆ ಮಣ್ಣು ಹೊಡೆಸಬೇಡ, ಎರಡೇ ದಿನಕ್ಕೆ ಅಂಬಲಿ ಆಗುತ್ತದೆ. ಮೇಲಿನ ದಿಬ್ಬದ ಕಡೆ ಒಂದಡಿ ಅಗಲ, ಒಂದಡಿ ಆಳದ ಚರಂಡಿ ತೋಡಿಸಿದರೆ ಅರ್ಧ ನೀರು ಒಳಗೇ ಬರುವುದಿಲ್ಲ. ಮಣ್ಣಿನ ಕೆಲಸ ಅಕ್ಟೋಬರ್ ಕಳೆದ ಮೇಲೆ. ಹಿಡಿ ಮಣ್ಣು ಅಂಗೈಯಲ್ಲಿ ಅದುಮಿದರೆ ಉಂಡೆ ಆಗಬೇಕು, ಕೈಗೆ ಮೆತ್ತಬಾರದು. ಆ ಹದದಲ್ಲಿ ರೋಲರ್ ಎಳೆಸು. ಗೆರೆಗೆ ಸುಟ್ಟ ಸುಣ್ಣ ಬಳಸಲೇಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು, ಆದರೆ ಮಳೆಗೆ ನಿಲ್ಲುವುದಿಲ್ಲ. ಮಳೆಗಾಲಕ್ಕೆ ತೆಂಗಿನ ಹುರಿ ಹಗ್ಗವನ್ನೇ ಗೆರೆಯಾಗಿ ಹೂತುಬಿಡು, ಒಂದು ಕಬಡ್ಡಿ ಅಂಕಣಕ್ಕೆ ಸುಮಾರು 100 ಮೀಟರ್ ಬೇಕು. ಗೀರು ಎಳೆದು ಅದರೊಳಗೆ ಹಗ್ಗ ಕೂರಿಸಿ, ಪ್ರತಿ ಎರಡಡಿಗೆ ಬಗ್ಗಿಸಿದ ತಂತಿಯಿಂದ ಬಿಗಿದು, ನೆಲದ ಮಟ್ಟಕ್ಕೆ ಒತ್ತಬೇಕು. ಮೇಲೆದ್ದರೆ ಕಾಲ್ಬೆರಳು ಸಿಕ್ಕಿ ಉಗುರು ಕೀಳುತ್ತದೆ, ವಾರಕ್ಕೊಮ್ಮೆ ಕಾಲಿನಿಂದ ಸವರಿ ನೋಡು. ಸರ್ಕಾರ ಕೊಡುವ ಕಪ್ಪು ಶೂ ಒದ್ದೆ ಮಣ್ಣಿನಲ್ಲಿ ಜಾರುತ್ತದೆ, ಬರಿಗಾಲೇ ವಾಸಿ. ರಕ್ತ ಹೀರುವ ಇಂಬಳಕ್ಕೆ ಬಟ್ಟೆಯಲ್ಲಿ ಉಪ್ಪು ಕಟ್ಟಿ ಇಟ್ಟುಕೋ ಅಂತ ನಿನಗೆ ನಾನು ಹೇಳಬೇಕೆ, ಈಗಾಗಲೇ ಕಲಿತಿರುತ್ತೀಯ.

ಇನ್ನೊಂದು ಯೋಚನೆ ಬಂತು. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವವರೆಗೆ ತೋಟದಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣ ಖಾಲಿ ಬಿದ್ದಿರುತ್ತದೆ. ಸಮತಟ್ಟು, ನೀರು ನಿಲ್ಲುವುದಿಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ 13ನೇ ಕಲಮು ಕಾರ್ಮಿಕರ ಮನರಂಜನೆಯ ಸೌಲಭ್ಯದ್ದೇ ಆಗಿತ್ತು, ಎಷ್ಟು ತೋಟದಲ್ಲಿ ಅದು ಕಂಡೀತು ಬಿಡು. ನೀನು ಕಾಯ್ದೆ ಎತ್ತಬೇಡ, ಸುಮ್ಮನೆ ಕೇಳು. ರಿಂಗ್, ಸ್ಕಿಪ್ಪಿಂಗ್‌ಗೆ ಕಣ ಚೆನ್ನ. ಕಬಡ್ಡಿ ಮಾತ್ರ ಸಿಮೆಂಟಿನ ಮೇಲೆ ಬೇಡವೇ ಬೇಡ, ಮೊಣಕಾಲು ಹೋಗುತ್ತದೆ. ಪಾಚಿ ಕಟ್ಟಿದ್ದರೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ ಚೆನ್ನಾಗಿ ತೊಳೆಸು. ಅವರ ಬೀಜಕ್ಕೆ ವಾಸನೆ ಹತ್ತಿದರೆ ಮುಂದಿನ ವರ್ಷ ಕಣ ಸಿಗುವುದಿಲ್ಲ.

ಶನಿವಾರ ಹುಡುಗಿಯರು ಅರ್ಧ ದಿನಕ್ಕೇ ಹೊರಟುಬಿಡುತ್ತಾರೆ ಅಂತ ಬರೆದಿದ್ದೀಯಲ್ಲ, ಅದನ್ನು ಮನೆಗೆಲಸದ ಕಲಂನಲ್ಲಿ ಹಾಕಬೇಡ, ಐದನೇ ಕಲಂ ಹಾಕು. ಬೆಂಗಳೂರಿನವರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ, ಬಾಬಾಬುಡನ್‌ಗಿರಿಗೆ ಶುಕ್ರವಾರ ರಾತ್ರಿ ಹೊರಟು ಬಂದರೆ ಶನಿವಾರ ಹೋಂಸ್ಟೇಯಲ್ಲಿ ಹಾಸಿಗೆ ಕೊಡವಲು, ಪಾತ್ರೆ ತಿಕ್ಕಲು ಕೈ ಬೇಕು. ಬಂದವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ವಾರವೆಲ್ಲ ದುಡಿದು ಎರಡು ದಿನ ಗಾಳಿ ಕುಡಿಯಲು ಬರುತ್ತಾರೆ. ಆದರೆ ಆ ಹುಡುಗಿಯರಲ್ಲಿ ಎಷ್ಟು ಜನ ಮುಳ್ಳಯ್ಯನಗಿರಿ ಹತ್ತಿದ್ದಾರೆ, ಒಮ್ಮೆ ಕೇಳು. ಶಾಲೆ ಪ್ರವಾಸ ಅಂದರೆ ಮೈಸೂರೇ ಆಗಬೇಕಿಲ್ಲ. ವಾರಾಂತ್ಯ, ಸಾಲು ರಜೆ ಬಿಟ್ಟು ಒಂದು ಮಂಗಳವಾರವೋ ಬುಧವಾರವೋ ಕರೆದುಕೊಂಡು ಹೋಗು. ಹೆಚ್ಚು ಖರ್ಚಿಲ್ಲ, ಬೆಟ್ಟದ ಮೇಲೆ ಚಳಿಗಾಳಿ ಇರುತ್ತದೆ, ಸ್ವೆಟರ್ ಇಲ್ಲದವರಿಗೆ ಮೊದಲೇ ಹೊಂದಿಸಿಕೋ.

ನಿನ್ನ ಗ್ರೌಂಡಿನಲ್ಲಿ ಆ ಪ್ರವಾಸಿಗರ ಕಾರುಗಳು ನಿಲ್ಲುವುದನ್ನು ತಪ್ಪಿಸಲು ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯಲ್ಲಿ ಠರಾವು ಮಾಡಿಸಿ ಗೇಟಿನ ಬಾಯಿಗೆ ನಾಲ್ಕಡಿ ಬಿಟ್ಟು ಎರಡು ಕಲ್ಲು ಕಂಬ ನೆಡಿಸು. ಗಾಲಿಕುರ್ಚಿ ಬರುತ್ತೆ, ಕಾರು ಬರಲ್ಲ. ಗಾಲಿಕುರ್ಚಿ ಅಂದದ್ದು ಸುಮ್ಮನೆ ಅಲ್ಲ, ಕಾಲು ಸರಿಯಿಲ್ಲದ ಮಗುವನ್ನು ನಾವು ಅಂಚಿನಲ್ಲಿ ಕೂರಿಸಿ ಚಪ್ಪಲಿ ಕಾಯಲು ಹೇಳುತ್ತಿದ್ದೆವು. ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ದಿನ ಪೇಪರ್ ಓದುತ್ತಾ ನನಗೆ ಮೊದಲು ನೆನಪಾದದ್ದು ಆ ಚಪ್ಪಲಿ ಸಾಲು.

ಪದಕದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್ ಆಡಿದಾಗ ಬಹಳ ಹುರುಪಿನಿಂದ ಹುಡುಗಿಯರಿಗೆ ಹೇಳಿದ್ದೆ, ನೀವೂ ಹಾಗಾಗಿ ಅಂತ. ಓಡಲು ಬರುತ್ತಿದ್ದ ಇಬ್ಬರ ಕಣ್ಣು ಅರಳಿತು. ಉಳಿದವರು ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಪದಕ, ಕೋಟಾ, ಕ್ರೀಡಾ ಹಾಸ್ಟೆಲ್ಲು ಇವೆಲ್ಲ ಇರಲಿ, ಅರ್ಹರಿಗೆ ಅರ್ಜಿ ಹಾಕಿಸು. ಓಡಲು ಬಾರದವಳಿಗೂ ವಾರದಲ್ಲಿ ಎರಡು ಸಲ ಯಾರ ಕೆಲಸಕ್ಕೂ ಸೇರದ ನಲವತ್ತು ನಿಮಿಷ ಸಿಗಬೇಕು, ಅಷ್ಟೇ ನಾನು ಕೇಳುವುದು.

ಮತ್ತೆ ನಿನ್ನ ಆ ಮಾತಿಗೇ ಬಂದೆ. ಭಯ ಹೋಗಲಿ ಅಂತ ಹರಸಲು ಮನಸ್ಸಾಗುತ್ತಿಲ್ಲ ಕಣೆ. ನನ್ನದು ಹೋದ ಮೇಲೆ ನಾನು ಬಹಳ ಆರಾಮಾಗಿದ್ದೆ.

ಇಲ್ಲಿ ಹುರಿ ಹಗ್ಗ ಒಳ್ಳೆಯದು ಸಿಗುತ್ತದೆ. 100 ಮೀಟರಿನ ಸುರುಳಿ ಕಟ್ಟಿಸಿಡುತ್ತೇನೆ, ಕಿರುಬೆರಳು ದಪ್ಪ ಸಾಕಾ? ಚಿಕ್ಕಮಗಳೂರು ಬಸ್‌ಸ್ಟ್ಯಾಂಡಿಗೆ ಯಾವತ್ತು ಬರಲು ಆಗುತ್ತೆ ತಿಳಿಸು, ತಂದುಕೊಡುತ್ತೇನೆ. ಭಾನುವಾರ ಬೇಡ, ಬಸ್ಸಿನಲ್ಲಿ ಸುರುಳಿ ಇಡಲೂ ಜಾಗ ಇರಲ್ಲ.

ನಿನ್ನ
ದೊಡ್ಡಪ್ಪ