ನೆಟ್‌ಲಾಗನ್ ಸ್ಟಾರ್ಟ್ ಆಗದಿದ್ದರೆ
ಎಲ್ಲರ ಗಮನಕ್ಕೆ: ವಿಂಡೋಸ್‌ನಲ್ಲಿ ನೆಟ್‌ಲಾಗನ್ ಸರ್ವೀಸ್ (ಡೊಮೇನ್, ಅಂದರೆ ಸಂಸ್ಥೆಯ ಕೇಂದ್ರೀಯ ನೆಟ್‌ವರ್ಕ್‌ಗೆ ಲಾಗಿನ್ ಮಾಡಿಸುವ ಭಾಗ) ಏಳದಿದ್ದರೆ ಮಷೀನನ್ನು ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸಲು ಅವಸರಪಡಬೇಡಿ. ಮೊದಲು ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್ ನೋಡಿ. ಅಲ್ಲಿ ಈವೆಂಟ್ ನಂಬರ್ 3095 ಇದ್ದರೆ ಮಷೀನ್ ಡೊಮೇನ್‌ಗೆ ಸೇರದೆ ವರ್ಕ್‌ಗ್ರೂಪ್‌ನಲ್ಲಿದೆ. ವರ್ಕ್‌ಗ್ರೂಪ್‌ನಲ್ಲಿ ಈ ಸರ್ವೀಸೇ ಬೇಕಿಲ್ಲ.

1068 ಎರರ್ ಬಂದರೆ ತಪ್ಪು ನೆಟ್‌ಲಾಗನ್‌ದಲ್ಲ, ಅದಕ್ಕೆ ಆಧಾರವಾದ ವರ್ಕ್‌ಸ್ಟೇಷನ್ ಸರ್ವೀಸಿನದು. ಅದನ್ನು ಆಟೋಮ್ಯಾಟಿಕ್‌ಗೆ ಹಾಕಿ ಸ್ಟಾರ್ಟ್ ಮಾಡಿ. ಅದೂ ಏಳಲಿಲ್ಲವೇ? ಎಷ್ಟೋ ಸಲ ಯಾರೋ ಎಸ್‌ಎಂಬಿ 1 (ಫೈಲ್ ಹಂಚಿಕೆಯ ಹಳೆಯ ವಿಧಾನ) ಅನ್ನು ಅರ್ಧಂಬರ್ಧ ನಿಲ್ಲಿಸಿರುತ್ತಾರೆ: ಡ್ರೈವರ್ ಡಿಸೇಬಲ್ ಆಗಿರುತ್ತದೆ, ಆದರೆ ರಿಜಿಸ್ಟ್ರಿಯಲ್ಲಿ ವರ್ಕ್‌ಸ್ಟೇಷನ್‌ನ ಡಿಪೆಂಡ್‌ಆನ್‌ಸರ್ವೀಸ್ (ಅದಕ್ಕೆ ಆಧಾರವಾದವುಗಳ) ಪಟ್ಟಿಯಲ್ಲಿ ಆ ಡ್ರೈವರ್‌ನ ಹೆಸರು ಎಂಆರ್‌ಎಕ್ಸ್‌ಎಸ್‌ಎಂಬಿ10 ಹಾಗೇ ಉಳಿದಿರುತ್ತದೆ. ರಿಜಿಸ್ಟ್ರಿ ಬ್ಯಾಕಪ್ ತೆಗೆದು, ಆ ಒಂದು ಸಾಲನ್ನಷ್ಟೇ ಅಳಿಸಿ, ರೀಸ್ಟಾರ್ಟ್ ಮಾಡಿ.

ಲಾಗ್‌ನಲ್ಲಿ ಈವೆಂಟ್ 5719 ಇದ್ದರೆ ಬೇರೆಯೇ ಕಥೆ: ಡೊಮೇನ್ ಕಂಟ್ರೋಲರ್ (ಡೊಮೇನ್ ನಡೆಸುವ ಸರ್ವರ್) ಸಿಗುತ್ತಿಲ್ಲ. ನೆಟ್‌ವರ್ಕ್ ಕಾರ್ಡ್‌ನಲ್ಲಿ ಹೊರಗಿನ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಸರ್ವರ್) ಹಾಕಿದ್ದರೆ ತೆಗೆದು, ಡೊಮೇನ್‌ನ ಡಿಎನ್‌ಎಸ್ ಕೊಡಿ.